ವಕೀಲರು, ಸಿಎಗಳು, ಡಾಕ್ಟರುಗಳ ಆಫೀಸು ಇಂಟರ್ನೆಟ್ಟಿನಲ್ಲಿ ಸರಿಯಾಗಿ ಸಿಗಬೇಕಾದರೆ: ಹುಬ್ಬಳ್ಳಿ-ಧಾರವಾಡದವರಿಗೆ ಹಂತ ಹಂತದ ಮಾರ್ಗದರ್ಶಿ

‘ಸರ್, ನಮ್ಮ ಆಫೀಸಿಗೆ ಒಂದು ವೆಬ್‌ಸೈಟ್ ಮಾಡಿಸ್ಬೇಕಾಗೈತಿ, ಎಷ್ಟ ಆಗ್ತೈತ್ರಿ?’

ವಾರಕ್ಕೆ ಮೂರ್ನಾಲ್ಕು ಸಲ ಈ ಪ್ರಶ್ನೆ ಬರುತ್ತದೆ. ಕೇಳುವವರು ಧಾರವಾಡದ ವಕೀಲರು, ಹುಬ್ಬಳ್ಳಿಯ ಚಾರ್ಟರ್ಡ್ ಅಕೌಂಟೆಂಟರು, ಗದಗಿನ ಹಲ್ಲಿನ ಡಾಕ್ಟರು, ಹಾವೇರಿಯ ಆರ್ಕಿಟೆಕ್ಟರು. ರೇಟು ಹೇಳುವುದು ಸುಲಭ. ಆದರೆ ಬಹಳ ಜನರಿಗೆ ಮೊದಲು ಬೇಕಾಗಿರುವುದು ವೆಬ್‌ಸೈಟ್ ಅಲ್ಲ. ಅದಕ್ಕಿಂತ ಮುಂಚೆ ಮಾಡಬೇಕಾದ ಕೆಲಸಗಳಿವೆ. ಅವುಗಳಲ್ಲಿ ಅರ್ಧಕ್ಕೆ ದುಡ್ಡೇ ಬೇಡ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೀರೆ ಅಂಗಡಿಯ ಪ್ರಚಾರ ಬೇರೆ, ನಿಮ್ಮ ಪ್ರಚಾರ ಬೇರೆ. ಸೀರೆ ಅಂಗಡಿಯವರು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆಯಬಹುದು. ನಿಮ್ಮ ಹತ್ತಿರ ಬರುವವರಿಗೆ ಬಹಳ ಸಲ ಯಾರೋ ಬೀಗರು, ಯಾರೋ ಪಕ್ಕದ ಮನೆಯವರು ನಿಮ್ಮ ಹೆಸರು ಹೇಳಿರುತ್ತಾರೆ. ಅವರು ಫೋನ್ ತೆಗೆದು ನೋಡುವುದು ಇಷ್ಟೇ: ಇವರು ಅವರೇನಾ? ಆಫೀಸು ಎಲ್ಲಿ? ಇವತ್ತು ತೆಗೆದಿರುತ್ತದಾ? ನನ್ನ ಕೆಲಸ ಇವರು ಮಾಡ್ತಾರಾ? ಈ ನಾಲ್ಕಕ್ಕೆ ನಿಜವಾದ ಉತ್ತರ ಅರ್ಧ ನಿಮಿಷದಲ್ಲಿ ಸಿಗಬೇಕು. ಕೆಳಗೆ ಬರೆದಿರುವುದೆಲ್ಲ ಅದಕ್ಕಾಗಿ.

ಶುರು ಮಾಡುವ ಮೊದಲು ಇವನ್ನು ಜೋಡಿಸಿಟ್ಟುಕೊಳ್ಳಿ

ಆಫೀಸಿನ ಹೆಸರಿನಲ್ಲೇ ತೆರೆದ ಒಂದು ಹೊಸ ಇಮೇಲ್. ಆಫೀಸಿನದೇ ಒಂದು ಫೋನ್ ನಂಬರು. ನಿಮ್ಮ ನೋಂದಣಿ ಪತ್ರ, ಜಿಎಸ್‌ಟಿ ಇದ್ದರೆ ಅದರ ಪ್ರಮಾಣಪತ್ರ. ಹೊರಗಿನ ಬೋರ್ಡಿನ ಹಗಲು ಹೊತ್ತಿನ ಫೋಟೊ. ಮತ್ತೆ ಒಂದು ನೂರು ಪುಟದ ನೋಟ್‌ಬುಕ್. ನೋಟ್‌ಬುಕ್ ಯಾಕೆ ಅಂತ ಎರಡನೇ ಹಂತದಲ್ಲಿ ಹೇಳುತ್ತೇನೆ. ಮೂರನೇ ಹಂತದವರೆಗಿನ ಕೆಲಸ ಒಂದು ಭಾನುವಾರದಲ್ಲಿ ಮುಗಿಯುತ್ತದೆ. ಅಲ್ಲಿಯವರೆಗೆ ಖರ್ಚು ಅಂದರೆ ಡೊಮೇನಿನದು, ಅಂದರೆ ವೆಬ್‌ಸೈಟಿನ ವಿಳಾಸದ್ದು ಮಾತ್ರ, ವರ್ಷಕ್ಕೆ ಹೆಚ್ಚುಕಡಿಮೆ ಸಾವಿರ ರೂಪಾಯಿ.

1. ನಿಮ್ಮ ವೃತ್ತಿಯ ನಿಯಮ ಏನು ಹೇಳುತ್ತದೆ ಅಂತ ಮೊದಲು ನೋಡಿ

ಇದನ್ನು ಬಿಟ್ಟು ಮುಂದೆ ಹೋದವರೇ ಜಾಸ್ತಿ. ವೆಬ್‌ಸೈಟ್ ಮಾಡುವ ಹುಡುಗನಿಗೆ ನಿಮ್ಮ ನಿಯಮ ಗೊತ್ತಿರುವುದಿಲ್ಲ. ಅವನು ಯಾವುದೋ ಸಿದ್ಧ ಮಾದರಿ ತೆಗೆದುಕೊಂಡು ‘ಉತ್ತರ ಕರ್ನಾಟಕದ ನಂಬರ್ ಒನ್ ವಕೀಲರು’, ‘ನೂರಕ್ಕೆ ನೂರು ಗೆಲುವು’ ಅಂತ ಹಾಕಿಬಿಡುತ್ತಾನೆ. ದೂರು ಬಂದರೆ ಉತ್ತರ ಕೊಡಬೇಕಾದವರು ನೀವು. ಸನದು, ಅಂದರೆ ವಕೀಲಿ ಮಾಡುವ ಪರವಾನಗಿ, ನಿಮ್ಮದು, ಅವನದಲ್ಲ.

ವಕೀಲರಿಗೆ ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಇದೆ. ಜಾಹೀರಾತು ಕೊಟ್ಟು ಕೆಲಸ ಕೇಳುವಂತಿಲ್ಲ. 2008ರ ತಿದ್ದುಪಡಿಯಲ್ಲಿ ವೆಬ್‌ಸೈಟ್ ಇಟ್ಟುಕೊಳ್ಳಲು ಒಪ್ಪಿಗೆ ಸಿಕ್ಕಿತು, ಆದರೆ ಏನು ಹಾಕಬಹುದು ಅಂತ ಪಟ್ಟಿ ಕೊಟ್ಟಿದ್ದಾರೆ. ಹೆಸರು, ವಿಳಾಸ, ಫೋನು, ಇಮೇಲ್, ಸನದಿನ ನಂಬರು, ದಿನಾಂಕ ಮತ್ತು ಯಾವ ವಕೀಲರ ಪರಿಷತ್ತು, ಯಾವ ಸಂಘ ಅನ್ನುವ ವಿವರ, ಓದು, ಯಾವ ಬಗೆಯ ಪ್ರಕರಣ ನಡೆಸುತ್ತೀರಿ ಅನ್ನುವುದು. ಇಷ್ಟೇ. ಗೆದ್ದ ಕೇಸುಗಳ ಪಟ್ಟಿ, ಪಕ್ಷಗಾರರು ಹೊಗಳಿದ ಮಾತು, ಫೀ ರಿಯಾಯಿತಿ ಯಾವುದೂ ಬೇಡ. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್, ಆನ್‌ಲೈನ್ ಪೋರ್ಟಲ್‌ಗಳ ಮೂಲಕ ಕೆಲಸ ಹಿಡಿಯುವ ವಕೀಲರ ಮೇಲೆ ಶಿಸ್ತು ಕ್ರಮ ಆಗಬೇಕು ಅಂತ ಪರಿಷತ್ತಿಗೆ ಸೂಚಿಸಿತು. ಹಾಗಾಗಿ ‘ವಕೀಲರನ್ನು ಹುಡುಕಿಕೊಡುತ್ತೇವೆ, ನಿಮ್ಮ ಹೆಸರು ಮೇಲೆ ಬರುತ್ತದೆ’ ಅನ್ನುವ ಪೋರ್ಟಲ್ಲಿನವರು ಫೋನ್ ಮಾಡಿದರೆ ಬೇಡ ಅನ್ನಿ.

ಚಾರ್ಟರ್ಡ್ ಅಕೌಂಟೆಂಟರಿಗೆ 1949ರ ಕಾಯ್ದೆ. ಅದರ ಮೊದಲನೇ ಅನುಸೂಚಿಯ ಮೊದಲ ಭಾಗದ 6 ಮತ್ತು 7ನೇ ಕಲಮುಗಳು ಕೆಲಸ ಕೇಳಿಕೊಂಡು ಹೋಗುವುದು ಮತ್ತು ಜಾಹೀರಾತಿನ ಬಗ್ಗೆ ಇವೆ. ಇದರ ಹಿಂದಿನ ಲೆಕ್ಕ ಸರಳ. ಹುಡುಕಿಕೊಂಡು ಬಂದವರಿಗೆ ಮಾಹಿತಿ ಸಿಗಲಿ, ಕೇಳದವರ ಮೇಲೆ ಹೇರಬೇಡಿ. ವೆಬ್‌ಸೈಟಿನಲ್ಲಿ ಏನಿರಬಹುದು ಅನ್ನುವ ಮಾರ್ಗಸೂಚಿ ಆಗಾಗ ಬದಲಾಗುತ್ತದೆ. ಐದು ವರ್ಷದ ಹಿಂದೆ ಗೆಳೆಯರೊಬ್ಬರು ಹೇಳಿದ್ದನ್ನು ನಂಬಬೇಡಿ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ (ಐಸಿಎಐ) ಈಗಿನ ನೀತಿ ಸಂಹಿತೆ ತೆಗೆದು ಓದಿ, ಇಲ್ಲವೆ ಹುಬ್ಬಳ್ಳಿ ಶಾಖೆಯಲ್ಲಿ ಕೇಳಿ.

ಡಾಕ್ಟರುಗಳಿಗೆ 2002ರ ವೃತ್ತಿ ನಡತೆಯ ನಿಯಮಗಳಿವೆ. ರೋಗಿಗಳನ್ನು ಕರೆಯುವ ಜಾಹೀರಾತು ಇಲ್ಲ. ಆಸ್ಪತ್ರೆ ಶುರು ಮಾಡಿದಾಗ, ವಿಳಾಸ ಬದಲಾದಾಗ, ಕೆಲವು ದಿನ ಇರದಿದ್ದಾಗ, ಮತ್ತೆ ಬಂದಾಗ ಪತ್ರಿಕೆಯಲ್ಲಿ ತಿಳಿಸಬಹುದು. ಇದರ ಬದಲಿಗೆ 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ತಂದು, ಅದೇ ತಿಂಗಳು ತಡೆಹಿಡಿದರು, ಹಾಗಾಗಿ 2002ರದೇ ಮುಂದುವರಿಯಿತು. ಚಿಕಿತ್ಸೆಗೆ ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು ಅಂತ ರೋಗಿಯ ಮುಖ ತೋರಿಸುವ ಫೋಟೊಗಳನ್ನು ಹಾಕಲೇಬೇಡಿ ಅಂತ ನಾನು ಹೇಳುತ್ತೇನೆ. ಆಯುರ್ವೇದದವರು ಇನ್ನೊಂದು ನೆನಪಿಡಿ: ಸಕ್ಕರೆ ಕಾಯಿಲೆಯಂಥ ಹಲವು ರೋಗಗಳನ್ನು ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದು 1954ರ ಕಾಯ್ದೆಯಲ್ಲೇ ಅಪರಾಧ.

ಆರ್ಕಿಟೆಕ್ಟರಿಗೆ 1989ರ ನಡತೆ ನಿಯಮಗಳಿವೆ, ಅವನ್ನೂ ಒಮ್ಮೆ ಓದಿ. ಒಳಾಂಗಣ ವಿನ್ಯಾಸದವರಿಗೆ ಇಷ್ಟು ಬಿಗಿ ಇಲ್ಲ.

2. ಬೀಗದ ಕೈ ನಿಮ್ಮ ಹತ್ತಿರ ಇರಲಿ

ಡೊಮೇನ್ ಅಂದರೆ ನಿಮ್ಮ ವೆಬ್‌ಸೈಟಿನ ವಿಳಾಸ. ಹೋಸ್ಟಿಂಗ್ ಅಂದರೆ ವೆಬ್‌ಸೈಟಿನ ಸಾಮಾನು ಇಡಲು ಬಾಡಿಗೆಗೆ ಹಿಡಿದ ಜಾಗ. ಜಾಗ ಬದಲಾಯಿಸಬಹುದು, ಸಾಮಾನು ಮತ್ತೆ ಮಾಡಿಸಬಹುದು. ವಿಳಾಸ ಕೈತಪ್ಪಿದರೆ ಮತ್ತೆ ಸಿಗುವುದು ಕಷ್ಟ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ವಕೀಲರ ಡೊಮೇನನ್ನು ನಾನು ನನ್ನ ಖಾತೆಯಲ್ಲೇ ಕೊಂಡಿದ್ದೆ. ಅವರಿಗೆ ತ್ರಾಸ ಆಗಬಾರದು ಅಂತ. ಮುಂದೆ ನನ್ನ ಬ್ಯಾಂಕ್ ಕಾರ್ಡ್ ಬದಲಾಯಿತು. ನವೀಕರಣದ ಹಣ ಕಟ್ ಆಗಲಿಲ್ಲ. ಎಚ್ಚರಿಕೆಯ ಮೇಲ್‌ಗಳು ನಾನು ನೋಡುವುದನ್ನೇ ಬಿಟ್ಟಿದ್ದ ಹಳೆಯ ವಿಳಾಸಕ್ಕೆ ಹೋದವು. ಗೊತ್ತಾಗುವಷ್ಟರಲ್ಲಿ ಆ ವಿಳಾಸ ಬೇರೆ ಯಾರದೋ ಆಗಿತ್ತು. ಅವರು ಗದಗಿನಲ್ಲಿ ಮುದ್ರಿಸಿ ತಂದಿದ್ದ ಸಾವಿರ ವಿಸಿಟಿಂಗ್ ಕಾರ್ಡುಗಳ ಕಟ್ಟು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅವತ್ತಿನಿಂದ ಯಾರ ಡೊಮೇನನ್ನೂ ನನ್ನ ಹೆಸರಿನಲ್ಲಿ ಕೊಂಡಿಲ್ಲ.

ನೀವು ಹೀಗೆ ಮಾಡಿ. ಡೊಮೇನ್ ಮಾರುವ ಯಾವುದಾದರೂ ದೊಡ್ಡ ಕಂಪನಿಯಲ್ಲಿ, ಆಫೀಸಿನ ಹೊಸ ಇಮೇಲಿನಿಂದ, ನಿಮ್ಮ ಕೈಯಾರೆ ಖಾತೆ ತೆರೆಯಿರಿ. ಮಾಲೀಕರ ಹೆಸರು ಅನ್ನುವ ಕಡೆ ನಿಮ್ಮ ಅಥವಾ ಸಂಸ್ಥೆಯ ಹೆಸರು ಇರಬೇಕು. ಕೊನೆಯಲ್ಲಿ ‘ಡಾಟ್ ಇನ್’ ಬರುವ ವಿಳಾಸ ನಿಮಗೆ ಸಾಕು. ಈ ‘ಡಾಟ್ ಇನ್’ ವಿಳಾಸಗಳ ದಾಖಲೆಯನ್ನು ನೋಡಿಕೊಳ್ಳುವುದು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ಕನ್ನಡ ಅಕ್ಷರದಲ್ಲೇ ‘.ಭಾರತ’ ಅಂತ ಮುಗಿಯುವ ವಿಳಾಸವೂ ಸಿಗುತ್ತದೆ. ಪ್ರೀತಿಯಿಂದ ಒಂದು ತೆಗೆದಿಟ್ಟುಕೊಳ್ಳಿ, ಆದರೆ ಕೆಲವು ಕಡೆ ಅದರ ಇಮೇಲ್ ಇನ್ನೂ ಸರಿಯಾಗಿ ನಡೆಯುವುದಿಲ್ಲ. ಅದು ಎರಡನೆಯದಾಗಿರಲಿ.

ಹೆಸರು ಚಿಕ್ಕದಿರಲಿ. ಫೋನಿನಲ್ಲಿ ಒಂದೇ ಸಲ ಹೇಳಿದರೆ ಆ ಕಡೆಯವರು ಬರೆದುಕೊಳ್ಳುವಂತಿರಬೇಕು. ನಡುವೆ ಅಡ್ಡಗೆರೆ ಬೇಡ.

ಹಣವನ್ನು ಮೂರು ಅಥವಾ ಐದು ವರ್ಷಕ್ಕೆ ಒಮ್ಮೆಲೇ ಕಟ್ಟಿಬಿಡಿ. ಹತ್ತು ವರ್ಷದವರೆಗೂ ಕಟ್ಟಬಹುದು. ‘ತಾನಾಗಿ ನವೀಕರಣ’ ಒತ್ತಿದ್ದೇನೆ ಅಂತ ನಿಶ್ಚಿಂತೆಯಿಂದ ಇರಬೇಡಿ. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ, ಕಾರ್ಡಿನಿಂದ ತಾನಾಗಿ ಹಣ ಕಟ್ ಆಗಲು ಮೊದಲೇ ನಿಮ್ಮ ಒಪ್ಪಿಗೆ ದಾಖಲಾಗಿರಬೇಕು. ವಿದೇಶಿ ಕಂಪನಿಗಳ ಬಿಲ್ಲು ಎಷ್ಟೋ ಸಲ ಅಲ್ಲೇ ನಿಂತುಬಿಡುತ್ತದೆ.

ಈಗ ನೋಟ್‌ಬುಕ್ ತೆಗೆಯಿರಿ. ಡೊಮೇನ್ ಎಲ್ಲಿ ಕೊಂಡದ್ದು, ಯಾವ ಇಮೇಲಿನಿಂದ, ಮುಗಿಯುವ ದಿನಾಂಕ ಯಾವುದು, ಹೋಸ್ಟಿಂಗ್ ಯಾರದು, ಗೂಗಲ್, ಫೇಸ್‌ಬುಕ್ ಖಾತೆಗಳು ಯಾವ ಇಮೇಲಿಗೆ ಕಟ್ಟಿವೆ, ಎಲ್ಲ ಬರೆಯಿರಿ. ಪಾಸ್‌ವರ್ಡ್ ಬರೆಯಬೇಡಿ. ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಇನ್ನೊಂದು ಒಪ್ಪಿಗೆ, ಎಲ್ಲ ಖಾತೆಗೂ ಹಾಕಿ. ಆ ಫೋನ್ ಕೆಲಸಕ್ಕಿರುವ ಹುಡುಗನದಾಗಿರಬಾರದು, ನಿಮ್ಮದಾಗಿರಬೇಕು. ಅವನು ನಾಳೆ ಬೆಂಗಳೂರಿಗೆ ಹೋದರೆ?

3. ಗೂಗಲ್ ಮ್ಯಾಪಿನಲ್ಲಿ ಆಫೀಸನ್ನು ಕೂರಿಸಿ

ಒಂದೇ ಒಂದು ಹಂತ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂದರೆ ಯಾರಾದರೂ ನಿಮ್ಮ ಹೆಸರು ಹುಡುಕಿದಾಗ ಮ್ಯಾಪ್, ಫೋನ್, ಸಮಯ ತೋರಿಸುವ ಚೌಕ. 2021ರವರೆಗೆ ಇದಕ್ಕೆ ಗೂಗಲ್ ಮೈ ಬಿಸಿನೆಸ್ ಅನ್ನುತ್ತಿದ್ದರು. ಪುಕ್ಕಟೆ. ಇದಕ್ಕೆ ದುಡ್ಡು ಕೇಳಿ ಫೋನ್ ಮಾಡುವವರು ಗೂಗಲ್‌ನವರಲ್ಲ.

ಹೊಸದು ತೆರೆಯುವ ಮೊದಲು ಮ್ಯಾಪಿನಲ್ಲಿ ನಿಮ್ಮ ಹೆಸರು ಹುಡುಕಿ. ಯಾರೋ ಪುಣ್ಯಾತ್ಮರು ಆಗಲೇ ಸೇರಿಸಿರಬಹುದು. ಹಾಗಿದ್ದರೆ ಅದನ್ನೇ ‘ಇದು ನನ್ನದು’ ಅಂತ ಪಡೆದುಕೊಳ್ಳಿ. ಒಂದೇ ಆಫೀಸಿಗೆ ಎರಡು ಪ್ರೊಫೈಲ್ ಆದರೆ ಜನರೂ ಗೊಂದಲಕ್ಕೆ ಬೀಳುತ್ತಾರೆ, ಗೂಗಲ್ಲೂ ಬೀಳುತ್ತದೆ.

ಹೆಸರು ಬೋರ್ಡಿನ ಮೇಲೆ ಹೇಗಿದೆಯೋ ಹಾಗೇ ಇರಲಿ. ಹೆಸರಿನ ಬಾಲಕ್ಕೆ ‘ಹುಬ್ಬಳ್ಳಿಯ ಬೆಸ್ಟ್ ಟ್ಯಾಕ್ಸ್ ಆಫೀಸ್’ ಅಂತ ಸೇರಿಸಿದರೆ ಪ್ರೊಫೈಲ್ ಅಮಾನತಾಗಬಹುದು. ಅದನ್ನು ವಾಪಸ್ ತರುವುದು ವಾರಗಟ್ಟಲೆಯ ಕೆಲಸ.

ಆಮೇಲೆ ಪಿನ್, ಅಂದರೆ ಮ್ಯಾಪಿನಲ್ಲಿ ನಿಮ್ಮ ಜಾಗ ತೋರಿಸುವ ಗುರುತು. ಇಲ್ಲಿ ಸ್ವಲ್ಪ ನಿಲ್ಲೋಣ. ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ 2008ರಲ್ಲಿ ಬಂತು, 2013ರಲ್ಲಿ ಕಾಯಂ ಆಯಿತು. ಅಂದಿನಿಂದ ಕೊಪ್ಪಳ, ಕಾರವಾರ, ಹಾವೇರಿ ಕಡೆಯ ಪಕ್ಷಗಾರರು ಧಾರವಾಡದ ವಕೀಲರನ್ನು ಹುಡುಕಿಕೊಂಡು ಬರುತ್ತಾರೆ. ಅವರಿಗೆ ಮಾಳಮಡ್ಡಿ ಯಾವುದು, ಸಪ್ತಾಪುರ ಯಾವುದು ಗೊತ್ತಿಲ್ಲ. ಪಿನ್ ಎಲ್ಲಿದೆಯೋ ಅಲ್ಲೇ ಬಂದು ನಿಲ್ಲುತ್ತಾರೆ. ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನ ಕಾಂಪ್ಲೆಕ್ಸುಗಳನ್ನು ನೀವು ನೋಡಿದ್ದೀರಿ. ಅಂಗಡಿಗಳ ಮುಖ ರೋಡಿನ ಕಡೆ, ಮೇಲೆ ಹತ್ತುವ ಮೆಟ್ಟಿಲು ಹಿಂದಿನ ಓಣಿಯಲ್ಲಿ. ಅಂಥ ಕಡೆ ಒಂದು ಸಿಎ ಆಫೀಸಿನ ಪಿನ್ ರೋಡಿನ ನಡುವೆ ಇತ್ತು. ನವಲಗುಂದದಿಂದ ಬಂದಿದ್ದ ಒಬ್ಬ ಅಜ್ಜ, ಕೈಯಲ್ಲಿ ಕಾಗದದ ಚೀಲ ಹಿಡಿದುಕೊಂಡು, ಅರ್ಧ ತಾಸು ಕೆಳಗಿನ ಚಪ್ಪಲಿ ಅಂಗಡಿಯವರನ್ನು ಕೇಳುತ್ತಾ ನಿಂತಿದ್ದರು. ಆಫೀಸು ಅವರ ತಲೆಯ ಮೇಲೆಯೇ ಇತ್ತು.

ಪಿನ್ನನ್ನು ಹಿಡಿದು ಎಳೆದು ಮೆಟ್ಟಿಲಿನ ಬಾಯಿಗೆ ತಂದು ಕೂರಿಸಿ. ವಿವರದಲ್ಲಿ ‘ಎರಡನೇ ಮಹಡಿ, ಮೆಟ್ಟಿಲು ಹಿಂದಿನ ಓಣಿಯಿಂದ, ಲಿಫ್ಟ್ ಇಲ್ಲ’ ಅಂತ ಬರೆಯಿರಿ. ಮೊದಲ ಫೋಟೊ ಆ ಮೆಟ್ಟಿಲಿನದೇ ಇರಲಿ. ನಿಮ್ಮ ಖುರ್ಚಿಯ ಫೋಟೊಗಿಂತ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಒಳಗಿನ ಫೋಟೊ ಹಾಕುವಾಗ ಬೆರಳಿನಿಂದ ಹಿಗ್ಗಿಸಿ ನೋಡಿ. ಹಿಂದಿನ ಕಪಾಟಿನಲ್ಲಿ ಸಾಲಾಗಿ ನಿಂತ ಫೈಲುಗಳ ಬೆನ್ನ ಮೇಲೆ ಗಿರಾಕಿಗಳ ಹೆಸರು ಸ್ಕೆಚ್ ಪೆನ್ನಿನಲ್ಲಿ ಬರೆದಿರುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಯಾರದೋ ಪ್ಯಾನ್ ನಂಬರು ಇರುತ್ತದೆ. ಹಾಕುವ ಮುನ್ನ ಅಲ್ಲ, ಫೋಟೊ ತೆಗೆಯುವ ಮುನ್ನವೇ ಕಪಾಟು ಮುಚ್ಚಿ, ಪರದೆ ಆರಿಸಿ.

ಪರಿಶೀಲನೆಗೆ ಗೂಗಲ್ ಈಗ ಹೆಚ್ಚಾಗಿ ವಿಡಿಯೊ ಕೇಳುತ್ತದೆ. ಕನಿಷ್ಠ 30 ಸೆಕೆಂಡು, ಎಲ್ಲೂ ಕತ್ತರಿಸದೆ ಒಂದೇ ಓಟದಲ್ಲಿ ತೆಗೆಯಬೇಕು. ಹೊರಗಿನ ರೋಡು ಮತ್ತು ಅಕ್ಕಪಕ್ಕದ ಬೋರ್ಡು ತೋರಿಸಿ, ನಿಮ್ಮ ಬೋರ್ಡು ತೋರಿಸಿ, ಬೀಗ ತೆಗೆದು ಒಳಗೆ ಹೋಗಿ, ಗೋಡೆಯ ಮೇಲಿನ ನೋಂದಣಿ ಪತ್ರ ತೋರಿಸಿ. ಜನರ ಮುಖ, ಬ್ಯಾಂಕಿನ ಕಾಗದ ಬರದಂತೆ ನೋಡಿಕೊಳ್ಳಿ. ಮನೆಯಲ್ಲೇ ಕೂತು ಕೆಲಸ ಮಾಡುವವರಾದರೆ ವಿಳಾಸ ಮುಚ್ಚಿಟ್ಟು, ಸೇವೆ ಕೊಡುವ ಊರುಗಳನ್ನು ಮಾತ್ರ ತೋರಿಸುವ ಅವಕಾಶ ಇದೆ.

ಸಮಯವನ್ನು ನಿಜ ಇದ್ದ ಹಾಗೆ ಬರೆಯಿರಿ. ಮಧ್ಯಾಹ್ನ ಊಟಕ್ಕೆ ಮುಚ್ಚುತ್ತೀರಾ? ಬರೆಯಿರಿ. ದೀಪಾವಳಿಗೆ ಮೂರು ದಿನ ರಜೆ, ಕೋರ್ಟಿನ ಬೇಸಿಗೆ ರಜೆ, ಇವನ್ನು ‘ವಿಶೇಷ ಸಮಯ’ ಅನ್ನುವಲ್ಲಿ ಮೊದಲೇ ತುಂಬಬಹುದು. ‘ತೆರೆದಿದೆ’ ಅಂತ ನೋಡಿ ರೋಣದಿಂದ ಬಸ್ಸು ಹತ್ತಿ ಬಂದವರು ಬೀಗ ನೋಡಿ ಹೋದರೆ ಮತ್ತೆ ಬರುವುದಿಲ್ಲ.

ಊರಿನ ಹೆಸರಿನ ಬಗ್ಗೆ ಒಂದು ಸಣ್ಣ ವಿಷಯ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ನಮ್ಮೂರು ‘ಹುಬ್ಬಳ್ಳಿ’ ಆಯಿತು. ಆದರೂ ಹಳೆಯ ‘ಹುಬ್ಳಿ’ ಕಾಗುಣಿತದಲ್ಲಿ ಹುಡುಕುವವರು ಇನ್ನೂ ಇದ್ದಾರೆ. ವಿಳಾಸದಲ್ಲಿ ಹೊಸದನ್ನೇ ಬಳಸಿ, ವೆಬ್‌ಸೈಟಿನ ಪರಿಚಯದಲ್ಲಿ ಹಳೆಯದು ಒಂದು ಸಲ ಬಂದರೆ ತಪ್ಪಿಲ್ಲ.

4. ಈಗ ವೆಬ್‌ಸೈಟ್

ಐದು ಪುಟ ಸಾಕು. ಮೊದಲ ಪುಟ, ನಾವು ಯಾರು, ಯಾವ ಕೆಲಸ ಮಾಡುತ್ತೇವೆ, ಜನ ಕೇಳುವ ಪ್ರಶ್ನೆಗಳು, ಸಂಪರ್ಕ. ಜಾರುವ ಚಿತ್ರಗಳು, ಹಾರುವ ಅಕ್ಷರಗಳು ಬೇಡ.

‘ಯಾವ ಕೆಲಸ’ ಅನ್ನುವ ಪುಟವನ್ನು ಜನ ಆಡುವ ಮಾತಿನಲ್ಲಿ ಬರೆಯಿರಿ. ‘ಭೂ ವ್ಯಾಜ್ಯ ಪರಿಹಾರ ಸೇವೆಗಳು’ ಅಂತ ಯಾರೂ ಹುಡುಕುವುದಿಲ್ಲ. ನಮ್ಮ ಕಡೆ ಜನ ಫೋನಿನ ಮೈಕ್ ಒತ್ತಿ ‘ವಾರಸಾ ಮಾಡಿಸೋದು ಹೆಂಗ’, ‘ಉತಾರದಾಗ ಹೆಸರು ತಪ್ಪಾಗೇತಿ’ ಅಂತ ಕೇಳುತ್ತಾರೆ. ಹೋದ ತಿಂಗಳು ನಿಮ್ಮ ಮುಂದೆ ಕೂತವರು ಮೊದಲ ವಾಕ್ಯ ಏನು ಹೇಳಿದರು ಅಂತ ನೆನಪು ಮಾಡಿಕೊಳ್ಳಿ. ಅಂಥ ಹತ್ತು ವಾಕ್ಯ ಬರೆದು, ಒಂದೊಂದಕ್ಕೂ ನಾಲ್ಕೈದು ಸಾಲಿನ ಉತ್ತರ ಕೊಡಿ. ಯಾವ ಕಾಗದ ತರಬೇಕು ಅನ್ನುವುದು ಆ ಉತ್ತರದಲ್ಲಿ ಇರಲೇಬೇಕು. ‘ಪ್ರಶ್ನೆಗಳು’ ಪುಟ ಅಂದರೆ ಇದೇ. ವಕೀಲರು ಮಾತ್ರ, ಮೊದಲನೇ ಹಂತದ ಪಟ್ಟಿಯಲ್ಲಿ ಇಲ್ಲದ ಇಂಥ ಪುಟ ಹಾಕುವ ಮುನ್ನ ವಕೀಲರ ಪರಿಷತ್ತಿನಲ್ಲಿ ಕೇಳಿ. ಇಡೀ ವೆಬ್‌ಸೈಟಿನಲ್ಲಿ ನಿಜವಾಗಿ ದುಡಿಯುವ ಪುಟ ಇದು.

ಕನ್ನಡದಲ್ಲಿ ಬರೆಯುವಾಗ ಒಂದು ದೊಡ್ಡ ಗುಂಡಿ ಇದೆ. ಆಫೀಸಿನ ಹಳೆಯ ಕಾಗದಗಳೆಲ್ಲ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಇರುತ್ತವೆ. ಅವು ನೋಡಲು ಕನ್ನಡ. ಆದರೆ ಕಂಪ್ಯೂಟರ್ ಒಳಗೆ ಉಳಿಸಿಕೊಂಡಿರುವುದು ಇಂಗ್ಲಿಷ್ ಮತ್ತು ಇತರ ಚಿಹ್ನೆಗಳನ್ನು, ಮೇಲೆ ಕನ್ನಡದ ವೇಷ ಮಾತ್ರ. ಅದನ್ನು ಹಾಗೇ ವೆಬ್‌ಸೈಟಿಗೆ ಅಂಟಿಸಿದರೆ ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆ ಕಾಣುತ್ತವೆ, ಗೂಗಲ್‌ಗೆ ಒಂದಕ್ಷರವೂ ತಿಳಿಯುವುದಿಲ್ಲ. ನಿಮಗೆ ಬೇಕಾದದ್ದು ಯೂನಿಕೋಡ್. ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿನ ಎಲ್ಲ ಯಂತ್ರಗಳೂ ಒಪ್ಪಿದ ಒಂದು ಸಂಖ್ಯೆ. ಫೋನಿನ ಕನ್ನಡ ಕೀಲಿಮಣೆಯಲ್ಲಿ ಬರೆದದ್ದೆಲ್ಲ ಯೂನಿಕೋಡೇ. ಹಳೆಯದನ್ನು ಬದಲಿಸಲು ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಂದೊಂದಾಗಿ ಓದಿ ನೋಡಿ. ‘ವರ್ಷ’, ‘ಕಾರ್ಯ’, ‘ಅರ್ಜಿ’ಯಂಥ ಪದಗಳಲ್ಲೇ ತಪ್ಪು ನುಸುಳುವುದು. ಕನ್ನಡದ ಮಾತನ್ನು ಚಿತ್ರ ಮಾಡಿ ಹಾಕುವುದೂ ಬೇಡ. ಕಣ್ಣು ಕಾಣದವರ ಫೋನ್ ಗಟ್ಟಿಯಾಗಿ ಓದಿ ಹೇಳುವುದು ಅಕ್ಷರವನ್ನು, ಚಿತ್ರವನ್ನಲ್ಲ.

ವೇಗ ನೋಡಿಕೊಳ್ಳಿ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನಲ್ಲಿ ಕಾಣಬೇಕು ಅನ್ನುವುದು ಗೂಗಲ್ ಇಟ್ಟ ಅಳತೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅನ್ನುವ ಗೂಗಲ್‌ನ ಪುಕ್ಕಟೆ ಸಾಧನದಲ್ಲಿ ನಿಮ್ಮ ವಿಳಾಸ ಹಾಕಿದರೆ ಫಲಿತಾಂಶ ಬರುತ್ತದೆ. ಅಲ್ಲಿ ಮೊಬೈಲಿನ ಅಂಕಿ ನೋಡಿ. ನಿಧಾನಕ್ಕೆ ದೊಡ್ಡ ಕಾರಣ ಫೋಟೊಗಳು. ಫೋನಿನಲ್ಲಿ ತೆಗೆದ ಫೋಟೊ ನಾಲ್ಕೈದು ಎಂಬಿ ಇರುತ್ತದೆ, ಅದನ್ನು 200 ಕೆಬಿಯ ಒಳಗೆ ತರಬೇಕು.

ವಿಳಾಸದ ಹತ್ತಿರ ‘ಸುರಕ್ಷಿತವಲ್ಲ’ ಅಂತ ಬಂದರೆ ಎಸ್‌ಎಸ್‌ಎಲ್ ಹಾಕಿಲ್ಲ ಅಂತ ಅರ್ಥ. ಓದುವವರ ಮತ್ತು ವೆಬ್‌ಸೈಟಿನ ನಡುವಿನ ಮಾತನ್ನು ಮೂರನೆಯವರು ಕದ್ದು ಓದದಂತೆ ಮಾಡುವ ಮುದ್ರೆ ಅದು. 2018ರಿಂದ ಕ್ರೋಮ್ ಹೀಗೆ ಎಚ್ಚರಿಸುತ್ತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಇದನ್ನು ಪುಕ್ಕಟೆ ಕೊಡುತ್ತದೆ. ಇದಕ್ಕೇ ವರ್ಷಕ್ಕೆ ಸಾವಿರಾರು ರೂಪಾಯಿ ಕೇಳಿದರೆ ಯಾಕೆ ಅಂತ ಕೇಳಿ.

ಸಂಪರ್ಕದ ಫಾರ್ಮಿನಲ್ಲಿ ಹೆಸರು, ಫೋನು, ಒಂದು ಸಾಲಿನ ವಿಷಯ, ಇಷ್ಟನ್ನೇ ಕೇಳಿ. ಆಧಾರ್, ಪ್ಯಾನ್, ವೈದ್ಯಕೀಯ ವರದಿ ಅಪ್‌ಲೋಡ್ ಮಾಡಿ ಅನ್ನಬೇಡಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ 2023ರಲ್ಲೇ ಕಾಯ್ದೆ ಆಗಿದೆ. ತೆಗೆದುಕೊಂಡ ಮಾಹಿತಿಯ ಹೊಣೆ ತೆಗೆದುಕೊಂಡವರದು.

ಇನ್ನೊಂದು: ಗೂಗಲ್ ಪ್ರೊಫೈಲಿನ ಜೊತೆ ಪುಕ್ಕಟೆ ಬರುತ್ತಿದ್ದ ಸಣ್ಣ ವೆಬ್‌ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿದ್ದಾರೆ. ನಿಮ್ಮ ಹಳೆಯ ಕಾರ್ಡು, ಲೆಟರ್‌ಹೆಡ್ ಮೇಲೆ ಆ ವಿಳಾಸ ಇದ್ದರೆ ತೆಗೆಸಿ.

ಕೆಲಸ ಕೊಡುವಾಗ ಕಾಗದದಲ್ಲಿ ಬರೆಸಿಕೊಳ್ಳಿ. ಒಂದೇ ಸಲದ ಖರ್ಚು ಎಷ್ಟು, ವರ್ಷ ವರ್ಷದ ಖರ್ಚು ಎಷ್ಟು, 18% ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಕೆಲಸ ಮುಗಿದ ಮೇಲೆ ಎಲ್ಲ ಲಾಗಿನ್ ನಿಮಗೆ ಕೊಡುತ್ತಾರೋ ಇಲ್ಲವೋ. ಕೊನೆಯದಕ್ಕೆ ‘ಅದೆಲ್ಲಾ ನಾವೇ ನೋಡ್ಕೋತೀವಿ ಬಿಡ್ರಿ’ ಅಂದರೆ ಅಲ್ಲಿಂದ ಎದ್ದು ಬನ್ನಿ.

5. ವಾಟ್ಸಾಪ್ ಮತ್ತು ಒಂದೇ ಒಂದು ಸಾಮಾಜಿಕ ಜಾಲತಾಣ

ನಮ್ಮ ಭಾಗದಲ್ಲಿ ಇಮೇಲಿಗಿಂತ ವಾಟ್ಸಾಪೇ ಜಾಸ್ತಿ, ಅಲ್ವಾ? ವಾಟ್ಸಾಪ್ ಬಿಸಿನೆಸ್ ಆ್ಯಪ್ ಪುಕ್ಕಟೆ. 0836ರ ನಿಮ್ಮ ಹಳೆಯ ಲ್ಯಾಂಡ್‌ಲೈನ್ ನಂಬರಿಗೂ ಅದನ್ನು ತೆರೆಯಬಹುದು. ಎಸ್‌ಎಂಎಸ್ ಬದಲು ‘ಕರೆ ಮಾಡಿ’ ಒತ್ತಿದರೆ ಕೋಡ್ ಅನ್ನು ಫೋನಿನಲ್ಲಿ ಹೇಳುತ್ತಾರೆ. ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲಿರುವ ನಂಬರು ಎಲ್ಲ ಕಡೆ ಒಂದೇ ಆಗುತ್ತದೆ. ಗದಗಿನ 08372, ಹಾವೇರಿಯ 08375 ನಂಬರುಗಳಿಗೂ ಇದೇ ದಾರಿ.

ಅದರಲ್ಲಿ ‘ಆಫೀಸು ಮುಚ್ಚಿದಾಗಿನ ಉತ್ತರ’ ಮತ್ತು ‘ಸಿದ್ಧ ಉತ್ತರ’ ಎರಡನ್ನೂ ಕನ್ನಡದಲ್ಲಿ ತುಂಬಿ. ‘ನಮಸ್ಕಾರ. ಆಫೀಸು ಬೆಳಿಗ್ಗೆ 10ಕ್ಕೆ ತೆರೆಯುತ್ತದೆ. ನಿಮ್ಮ ಹೆಸರು, ಊರು ಬರೆದಿಡಿ, ನಾವೇ ಫೋನ್ ಮಾಡುತ್ತೇವೆ’ ಅಂದರೆ ಸಾಕು. ನೂರಾರು ಜನರನ್ನು ಕೇಳದೆ ಗುಂಪಿಗೆ ಸೇರಿಸಬೇಡಿ. ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುತ್ತದೆ. ಇವರು ಇಂಥ ವಕೀಲರ ಹತ್ತಿರ ಹೋಗುತ್ತಾರೆ ಅನ್ನುವುದೇ ಎಷ್ಟೋ ಮನೆಗಳಲ್ಲಿ ಗುಟ್ಟಿನ ವಿಷಯ.

ಸಾಮಾಜಿಕ ಜಾಲತಾಣ ಎಲ್ಲ ಬೇಡ, ಒಂದು ಹಿಡಿಯಿರಿ. ಆರ್ಕಿಟೆಕ್ಟರಿಗೆ ಇನ್‌ಸ್ಟಾಗ್ರಾಂ. ಕಂಪನಿಗಳ ಕೆಲಸ ಮಾಡುವ ಸಿಎಗಳಿಗೆ ಲಿಂಕ್ಡ್‌ಇನ್. ಡಾಕ್ಟರುಗಳು ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಎರಡು ನಿಮಿಷ ಮಾತಾಡುವುದಾದರೆ ಯೂಟ್ಯೂಬ್. ವಕೀಲರಿಗೆ ನಾನು ಏನನ್ನೂ ಒತ್ತಾಯಿಸುವುದಿಲ್ಲ, ವೆಬ್‌ಸೈಟೇ ಸಾಕು. ಫೇಸ್‌ಬುಕ್ ಬೇಕೆಂದರೆ ಸ್ವಂತ ಖಾತೆ ಬಳಸದೆ ‘ಪೇಜ್’ ತೆರೆಯಿರಿ, ಅದಕ್ಕೆ ಇಬ್ಬರು ಆಡಳಿತಗಾರರನ್ನು ಇಡಿ.

ಏನು ಹಾಕಬೇಕು? ಯುಗಾದಿ, ಗಣೇಶ ಚೌತಿ, ರಾಜ್ಯೋತ್ಸವಕ್ಕೆ ನಿಮ್ಮ ಫೋಟೊ ಇರುವ ಶುಭಾಶಯದ ಚಿತ್ರ ಯಾರ ಉಪಯೋಗಕ್ಕೂ ಬರುವುದಿಲ್ಲ. ಅದರ ಬದಲು ಕ್ಯಾಲೆಂಡರ್ ತೆಗೆದು ನಿಮ್ಮ ಗಿರಾಕಿಗಳ ಗಡುವುಗಳನ್ನು ಗುರುತು ಮಾಡಿ. ಮುಂಗಡ ತೆರಿಗೆಗೆ ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15. ಒಂದು ವಾರ ಮೊದಲು ‘ಯಾರು ಕಟ್ಟಬೇಕು, ಹೇಗೆ ಲೆಕ್ಕ’ ಅಂತ ಐದು ಸಾಲು ಬರೆಯಿರಿ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರಿಗೆ, ರಾಣೇಬೆನ್ನೂರಿನ ಬೀಜದ ಅಂಗಡಿಯವರಿಗೆ ಅದು ಬೇಕಾದ ಮಾತು. ತಿಂಗಳಿಗೆ ಎರಡು ಸಾಕು, ಆದರೆ ತಪ್ಪಿಸಬೇಡಿ. ಗಡುವು ಮುಂದೂಡಿದರೆ ಹಳೆಯ ಬರಹವನ್ನು ಅವತ್ತೇ ತಿದ್ದಿ.

6. ರಿವ್ಯೂ ಬಂದಾಗ

ದುಡ್ಡು ಕೊಟ್ಟು ರಿವ್ಯೂ ಬರೆಸಬೇಡಿ, ಸಿಬ್ಬಂದಿಯಿಂದಲೂ ಬರೆಸಬೇಡಿ. ಗೂಗಲ್‌ನ ನಿಯಮಕ್ಕೆ ಅದು ವಿರುದ್ಧ.

ಕೆಟ್ಟ ರಿವ್ಯೂ ಬಂದ ರಾತ್ರಿ ಉತ್ತರ ಬರೆಯಬೇಡಿ. ಮರುದಿನ ಬರೆಯುವಾಗಲೂ ಒಂದು ಎಚ್ಚರ ಬೇಕು. ‘ನೀವು ಮೂರನೇ ತಾರೀಕು ಬಿಪಿ ತೋರಿಸಲು ಬಂದಿದ್ದಿರಿ, ಔಷಧಿ ಸರಿಯಾಗಿ ತೆಗೆದುಕೊಂಡಿಲ್ಲ’ ಅಂತ ಬರೆದರೆ ರೋಗಿಯ ಗುಟ್ಟನ್ನು ಊರಿಗೆಲ್ಲ ಹೇಳಿದ ಹಾಗೆ. ಅವರು ತಾವೇ ಬರೆದುಕೊಂಡಿದ್ದರೂ ನೀವು ಹೌದು ಅನ್ನುವಂತಿಲ್ಲ. ‘ನಿಮಗೆ ಬೇಸರ ಆಗಿದ್ದಕ್ಕೆ ವಿಷಾದ ಇದೆ. ದಯವಿಟ್ಟು ಆಫೀಸಿನ ನಂಬರಿಗೆ ಫೋನ್ ಮಾಡಿ, ಕೂತು ಮಾತಾಡೋಣ’ ಇಷ್ಟೇ ಸಾಕು. ಮುಂದೆ ಓದುವವರು ನೋಡುವುದು ಜಗಳದಲ್ಲಿ ಯಾರು ಗೆದ್ದರು ಅಂತಲ್ಲ, ನೀವು ಹೇಗೆ ಮಾತಾಡಿದಿರಿ ಅಂತ.

7. ‘ಗೂಗಲ್‌ನಲ್ಲಿ ಮೊದಲನೇ ಸ್ಥಾನ’ ಅನ್ನುವ ಫೋನ್ ಕರೆಗಳು

ಎಸ್‌ಇಒ ಅಂದರೆ ಹುಡುಕಿದಾಗ ನಿಮ್ಮ ಪುಟ ಮೇಲೆ ಬರುವಂತೆ ಸರಿಪಡಿಸುವ ಕೆಲಸ. ಅದು ನಿಜವಾದ ಕೆಲಸವೇ. ಆದರೆ ಮೊದಲನೇ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾಗದು ಅಂತ ಗೂಗಲ್ ತಾನೇ ಬರೆದಿದೆ. ಗ್ಯಾರಂಟಿ ಅಂದವರ ಜೊತೆ ಮಾತು ಮುಂದುವರಿಸಬೇಡಿ. ಒಂದರಿಂದ ನಾಲ್ಕನೇ ಹಂತ ಸರಿ ಇದ್ದರೆ ನಮ್ಮೂರಿನ ಮಟ್ಟಿಗೆ ಬಹುಪಾಲು ಎಸ್‌ಇಒ ಆದ ಹಾಗೆ.

ಹಣ ಕೊಟ್ಟು ಹಾಕುವ ಜಾಹೀರಾತನ್ನು ವಕೀಲರು, ಸಿಎಗಳು, ಡಾಕ್ಟರುಗಳು ಮರೆತುಬಿಡಿ. ಉಳಿದವರು ಹಾಕುವುದಾದರೆ ಸ್ಥಳವನ್ನು ಹುಬ್ಬಳ್ಳಿ-ಧಾರವಾಡದ ಸುತ್ತ ಮಾತ್ರ ಇಡಿ, ದಿನದ ಮಿತಿ ಸಣ್ಣದಿಡಿ.

8. ತಿಂಗಳಿಗೆ ಅರ್ಧ ತಾಸು

ತಿಂಗಳ ಮೊದಲ ಶನಿವಾರ ನೋಟ್‌ಬುಕ್ ತೆಗೆಯಿರಿ. ಗೂಗಲ್ ಪ್ರೊಫೈಲಿನಲ್ಲಿ ಎಷ್ಟು ಜನ ಫೋನ್ ಒತ್ತಿದರು, ಎಷ್ಟು ಜನ ದಾರಿ ಕೇಳಿದರು ಅನ್ನುವ ಲೆಕ್ಕ ಸಿಗುತ್ತದೆ. ಸರ್ಚ್ ಕನ್ಸೋಲ್ ಅನ್ನುವ ಗೂಗಲ್‌ನ ಪುಕ್ಕಟೆ ಸಾಧನದಲ್ಲಿ, ಜನ ಯಾವ ಮಾತು ಹುಡುಕಿ ನಿಮ್ಮ ಪುಟಕ್ಕೆ ಬಂದರು ಅನ್ನುವ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ನೀವು ಉತ್ತರ ಬರೆಯದ ಪ್ರಶ್ನೆ ಕಂಡರೆ, ಈ ತಿಂಗಳು ಬರೆಯಬೇಕಾದದ್ದು ಅದನ್ನೇ. ಹೊಸ ನಂಬರು, ಹೊಸ ಸಮಯ, ಆಫೀಸು ಬಿಟ್ಟು ಹೋದವರ ಹೆಸರು, ಇವನ್ನು ಪ್ರೊಫೈಲ್, ವೆಬ್‌ಸೈಟ್, ವಾಟ್ಸಾಪ್ ಮೂರೂ ಕಡೆ ಸರಿಮಾಡಿ.

ಇದೆಲ್ಲಕ್ಕಿಂತ ಒಳ್ಳೆಯ ಅಳತೆ ನಿಮ್ಮ ಮುಂದಿನ ಟೇಬಲ್ಲಿನಲ್ಲೇ ಇದೆ. ಹೊಸದಾಗಿ ಬಂದವರನ್ನು ‘ನಮ್ಮ ವಿಳಾಸ ಹೆಂಗ ಸಿಕ್ತು?’ ಅಂತ ಕೇಳಿ ರಿಜಿಸ್ಟರಿನಲ್ಲಿ ಬರೆಯಲು ಸಿಬ್ಬಂದಿಗೆ ಹೇಳಿ. ‘ನಮ್ಮ ಮಾವ ಹೇಳಿದ್ರು, ಮ್ಯಾಪಿನಾಗ ನೋಡ್ಕೊಂಡ್ ಬಂದ್ವಿ’ ಅಂದರೆ ಎರಡನ್ನೂ ಬರೆಯಿರಿ. ಮೂರು ತಿಂಗಳಾದ ಮೇಲೆ ಆ ಕಾಲಂ ಓದಿ ನೋಡಿ, ಮುಂದಿನ ದುಡ್ಡು ಎಲ್ಲಿ ಹಾಕಬೇಕು ಅಂತ ಅಲ್ಲೇ ಗೊತ್ತಾಗುತ್ತದೆ.